ಹತ್ತೊಂಬತ್ತು ದಿನದ ಹಿರಿತನ

೭ ಆಗಸ್ಟ್ ೧೯೮೮, ರವಿವಾರ

ನನ್ನ ರವಿವಾರದ ಕ್ಲಾಸು ಇವತ್ತು ಭರ್ತಿ. ಹತ್ತು ಮಕ್ಕಳು, ಬಾಗಿಲ ಹತ್ತಿರ ಹೊಸದಾಗಿ ಒಂದು. ಎಲ್ಲ ಹತ್ತರಿಂದ ಹನ್ನೆರಡು ವರ್ಷದವು. ಅತ್ತ ಸಣ್ಣವೂ ಅಲ್ಲ, ಇತ್ತ ದೊಡ್ಡವೂ ಅಲ್ಲ, ಪ್ರಶ್ನೆ ಮಾತ್ರ ಹೈಕೋರ್ಟ್ ವಕೀಲರದ್ದು. ಫ್ಯಾಕ್ಟರಿ ಕ್ವಾರ್ಟರ್ಸಿನ ಕಮ್ಯೂನಿಟಿ ಹಾಲಿನಲ್ಲಿ ಫ್ಯಾನ್ ಮತ್ತೆ ಕೆಟ್ಟಿದೆ. ಬೆವರು ಒರೆಸಿಕೊಳ್ಳುತ್ತಾ ಕೂತವೇ ಹೊರತು ಒಂದೂ ಎದ್ದು ಹೋಗಲಿಲ್ಲ.

ಪಾಠ — ದೇವರ ಪ್ರೀತಿಗೆ ಷರತ್ತಿಲ್ಲ. ನಿನ್ನೆ ಸನತ್‌ನಗರ ಬಸ್ಸಿನಲ್ಲಿ ನಿಂತು ಬರುವಾಗ ಹೊಳೆದ ಮಾತನ್ನು ಹೇಳಿದೆ. ನಮ್ಮ ಫ್ಯಾಕ್ಟರಿಯಲ್ಲಿ ಪ್ರತಿ ತುಂಡಿಗೂ ಗೇಜ್ ಹಾಕಿ ನೋಡುತ್ತೇವೆ. ಅಳತೆ ಸರಿ ಇದ್ದರೆ ಪಾಸ್. ಇಲ್ಲದಿದ್ದರೆ ಕೆಂಪು ಡಬ್ಬಿಗೆ, ರಿಜೆಕ್ಟ್. ದೇವರ ಹತ್ತಿರ ಗೇಜೂ ಇಲ್ಲ, ಕೆಂಪು ಡಬ್ಬಿಯೂ ಇಲ್ಲ! ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಕಣ್ಣು ಕಳೆದುಕೊಂಡದ್ದು ಇವತ್ತು ಸಾರ್ಥಕ.

ಅಮರೇಶ ಎದ್ದ. ಹನ್ನೊಂದು ವರ್ಷ, ಬಗಲಲ್ಲಿ ಯಾವಾಗಲೂ ಚೆಂಡು. “ಎಲ್ಲಾರೂ ಪಾಸ್ ಅಂದ್ರ ಚಲೋ ಇರೂದು ಯಾಕ್ರಿ ಸರ್?” ಅಷ್ಟರಲ್ಲಿ ಬಾಗಿಲ ಹತ್ತಿರದ ಹೊಸ ಹುಡುಗಿ — “ನಮ್ಮಜ್ಜಿ ಹೊತ್ತಿದ ರೊಟ್ಟಿ ತಾನ ತಿಂತಾಳ್ರಿ. ಬಿಸೀದು ನನಗ ಹಾಕ್ತಾಳ. ನಾ ಜಗಳಾಡಿದ ದಿನಾನೂ ಹಾಕ್ತಾಳ. ಅದಕ್ಕ ಮರುದಿನ ನನಗ ಜಗಳಾಡಾಕ ನಾಚಿಕಿ ಬರ್ತದ.”

ಭಲೇ ಅಂದೆ. ಹೆಸರು ಕೇಳಿದೆ. ಮಂದಾಕಿನಿ. ಹದಿನಾಲ್ಕನೇ ನಂಬರ್ ಕ್ವಾರ್ಟರ್. ಸೂಗಪ್ಪನ ಮಗಳ ಮಗಳು.

ಸೂಗಪ್ಪ ಎಂದ ಕೂಡಲೇ ಈ ಕ್ಲಾಸಿಗೆ ಸೇರಬೇಕಾದರೆ ಪರೀಕ್ಷೆ ಇದೆ ಎಂದುಬಿಟ್ಟೆ. ಉಳಿದ ಹತ್ತಕ್ಕೂ ಇರದ ಪರೀಕ್ಷೆ. ಐದು ಪ್ರಶ್ನೆ ಕೇಳಿದೆ. ನಾಲ್ಕಕ್ಕೆ ಪಟಪಟ ಹೇಳಿದಳು. ಐದನೆಯದು ನನಗೂ ಗೊತ್ತಿರಲಿಲ್ಲ. ಸೇರಿಸಿಕೊಂಡೆ.

೧೦ ಆಗಸ್ಟ್, ಬುಧವಾರ

ಮನೆಯಾಕೆ ಗೋದಾವರಿಗೆ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಊಟಕ್ಕೆ ಬಡಿಸುವಾಗ ಶುರು. “ಷರತ್ತಿಲ್ಲದ ಪ್ರೀತಿ ಕಲಸೂ ಕ್ಲಾಸಿಗೆ ಎಂಟ್ರನ್ಸ್ ಟೆಸ್ಟ್ ಏನ್ರಿ? ಅಯ್ಯ ಶಿವನ! ಕೇಳಿದ ಮಂದಿ ಹೊಟ್ಟಿ ಹಿಡ್ಕೊಂಡು ನಗ್ತಾರ.”

“ಶಿಸ್ತು ಬೇಕಲ್ಲ,” ಅಂದೆ.

“ಶಿಸ್ತಲ್ಲ, ಸಿಟ್ಟು. ಮುದುಕನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲ.”

ಇವಳ ಬಾಯಿ! ಸೂಗಪ್ಪನೂ ನಾನೂ ಮಾನವಿಯಿಂದ ಒಂದೇ ದಿನ ಹೊರಟು ಒಂದೇ ರೈಲಿಗೆ ಈ ತೆಲುಗು ಊರಿಗೆ ಬಂದವರು. ಬೇಗಂ ಬಜಾರಿನ ಒಂದೇ ಖೋಲಿಯಲ್ಲಿ ಎರಡು ವರ್ಷ, ಒಂದೇ ಸ್ಟೋವು. ಅವನು ಲೇತ್ ಮೇಲೆ, ನಾನು ಇನ್‌ಸ್ಪೆಕ್ಷನ್ನಿನಲ್ಲಿ. ೧೯೭೭ರಲ್ಲಿ ಅವನ ಮಷೀನಿನಿಂದ ಬಂದ ನಲವತ್ತು ಬುಷ್ — ನಡುವೆ ತೂತಿರುವ ಲೋಹದ ಬಳೆಗಳು — ರಿಜೆಕ್ಟ್ ಮಾಡಿದೆ. ಮತ್ತೆ ಅಳೆ ಎಂದ. ಅಳೆಯಲಿಲ್ಲ. ಅವನ ಪ್ರಮೋಷನ್ ಮೂರು ವರ್ಷ ತಡವಾಯಿತು. ಅಂದಿನಿಂದ ಹನ್ನೊಂದು ವರ್ಷ, ಮಾತಿಲ್ಲ ಕತೆಯಿಲ್ಲ.

ದಸರೆಗೆ ನಮ್ಮ ಕಡೆಯವರೆಲ್ಲ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಡುತ್ತೇವೆ. ಕಿರಿಯರು ಹಿರಿಯರ ಮನೆಗೆ ಹೋಗಬೇಕು, ಕಾಲು ಮುಟ್ಟಬೇಕು, “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅನ್ನಬೇಕು. ಎಂಥ ಮನಸ್ತಾಪವಿದ್ದರೂ ಆ ಸಂಜೆಗೆ ಮುಗಿಯಿತು. ನಮ್ಮಿಬ್ಬರದು ಮಾತ್ರ ಮುಗಿದಿಲ್ಲ. ವಯಸ್ಸಿನಲ್ಲಿ ಅವನು ಎಂಟು ತಿಂಗಳು ದೊಡ್ಡವನು, ನಾನು ಬರಲಿ ಅಂತ ಅವನ ಹಟ. ಸರ್ವಿಸಿನಲ್ಲಿ ನಾನು ಹತ್ತೊಂಬತ್ತು ದಿನ ಸೀನಿಯರ್. ಅವನ ಮೆಡಿಕಲ್ ಸರ್ಟಿಫಿಕೇಟ್ ತಡವಾಗಿತ್ತು, ನನ್ನ ಸ್ಟಾಫ್ ನಂಬರ್ ಚಿಕ್ಕದು. ಅವನೇ ಬರಬೇಕು. ಹನ್ನೊಂದು ದಸರೆ ಇಬ್ಬರೂ ಇಸ್ತ್ರಿ ಅಂಗಿ ಹಾಕಿಕೊಂಡು ನಮ್ಮ ನಮ್ಮ ಪಡಸಾಲೆಯಲ್ಲಿ ಕೂತಿದ್ದೇವೆ.

“ಬನ್ನಿಗೆ ಸ್ಟಾಫ್ ನಂಬರ್ ಯಾರ್ ಕೇಳ್ತಾರ್ರಿ?” ಅನ್ನುತ್ತಾಳೆ ಇವಳು. ರೂಲ್ ಅಂದರೆ ರೂಲ್.

೨೧ ಆಗಸ್ಟ್, ರವಿವಾರ

ಹೋಂವರ್ಕ್ ಕೊಟ್ಟೆ. ಬರೀ ಕೇಳಿಸಿಕೊಂಡು ಹೋದರೆ ಏನು ಬಂತು? ಪ್ರತಿಯೊಬ್ಬರೂ ತಮಗೆ ಆಗದ ಒಬ್ಬರನ್ನು ಆರಿಸಬೇಕು. ಅವರಿಗೆ ಒಂದು ಒಳ್ಳೆಯದು ಮಾಡಬೇಕು. ತಿರುಗಿ ಏನೂ ಬರದಿದ್ದರೆ ಮತ್ತೆ ಮಾಡಬೇಕು. ಬಂದರೂ ಮಾಡಬೇಕು. ಒಬ್ಬೊಬ್ಬರಿಗೆ ಹತ್ತು ಮಾರ್ಕ್ಸು, ರಿಜಿಸ್ಟರ್ ಮಾಡಿದ್ದೇನೆ. ಕೆಂಪು ಗೆರೆ ಹೊಡೆದು, ಕಾಲಂ ಹಾಕಿ. ನೋಡಿದರೆ ಆಡಿಟ್‌ನವರು ಮೆಚ್ಚಬೇಕು.

ಬೇಗಂ ಬಜಾರಿಗೆ ಹೋಗಿ ಕ್ಲಾಸಿಗೆ ನಾಲ್ಕು ಹೊಸ ಚಾಪೆಯನ್ನೂ ತಂದೆ.

೨೮ ಆಗಸ್ಟ್, ರವಿವಾರ

ವರದಿಗಳು.

ಜಯತೀರ್ಥ, ನಮ್ಮ ಕ್ಲಾಸಿನ ಬಾಯಿಪಾಠದ ಹುಲಿ, ಲೆಕ್ಕದ ಮೇಷ್ಟ್ರನ್ನು ಆರಿಸಿದ್ದಾನೆ. ದಿನಾ ಅವರು ಬರುವುದರೊಳಗೆ ಬೋರ್ಡ್ ಒರೆಸುತ್ತಾನಂತೆ. ಮೇಷ್ಟ್ರು ಅನುಮಾನ ಬಂದು ಇವನ ಬ್ಯಾಗ್ ತಪಾಸಣೆ ಮಾಡಿದ್ದಾರೆ. ಏಳು ಮಾರ್ಕ್ಸು.

ಅಮರೇಶ ಪಾರ್ಕಿನ ವಾಚ್‌ಮನ್‌ನನ್ನು. ಇವನ ಮೂರು ಚೆಂಡು ಆತನ ಗೂಡಿನಲ್ಲಿ ಜಪ್ತಿ ಆಗಿವೆ. “ನಾಕು ಮಿರ್ಚಿ ಬಜ್ಜಿ ಕೊಟ್ಟೆ ಸರ್. ತಿಂದ. ಚೆಂಡು ಕೊಡ್ರಿ ಅಂದೆ. ‘ಚಲ್ ಹಟ್’ ಅಂದ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಚೆಂಡು ಕೇಳಿದೆಯಲ್ಲ, ಅದು ವ್ಯಾಪಾರ ಆಯಿತು ಅಂದೆ. ಮೂರು ಮಾರ್ಕ್ಸು. ಮುಖ ಊದಿಸಿಕೊಂಡ.

ಮಂದಾಕಿನಿ — “ನಂದಿನ್ನೂ ಮುಗಿದಿಲ್ರಿ.” ಯಾರು ಅಂತ ಕೇಳಿದೆ. ಹೇಳಲಿಲ್ಲ. ಸೊನ್ನೆ ಹಾಕಿದೆ.

೧೧ ಸೆಪ್ಟೆಂಬರ್, ರವಿವಾರ

ಇವತ್ತು ಎದೆ ಉಬ್ಬಿದೆ. ಬರೆದುಕೊಳ್ಳಲೇಬೇಕು.

ಅಮರೇಶ ಬಂದವನೇ ಮೆಲ್ಲಗೆ ಹೇಳಿದ. “ಮತ್ತ ಬಜ್ಜಿ ಕೊಟ್ಟೆ ಸರ್. ಚೆಂಡು ಕೇಳಲಿಲ್ಲ.” ಮತ್ತೆ ಏನಾಯಿತು? “ಏನೂ ಆಗಲಿಲ್ರಿ. ತಿಂದ. ಖಾರ ಹತ್ತಿತ್ತು, ನೀರು ತಂದುಕೊಟ್ಟೆ. ಬಂದೆ.” ಅಷ್ಟೇ. ಇಷ್ಟು ಸಣ್ಣ ಹುಡುಗ. ನಾನು ಐವತ್ತೇಳು ವರ್ಷದಲ್ಲಿ ಹಾಗೆ ಏನೂ ಕೇಳದೆ ಕೈ ಬೀಸಿಕೊಂಡು ಎಲ್ಲಿಂದ ಬಂದಿದ್ದೇನೆ?

ಎಷ್ಟು ಮಾರ್ಕ್ಸ್ ಹಾಕುತ್ತೀರಿ ಎಂದು ಜಯತೀರ್ಥ ಕೇಳಿದ. ಪೆನ್ನು ಹಿಡಿದೆ. ಹಾಕಲಾಗಲಿಲ್ಲ. ರಿಜಿಸ್ಟರ್ ಮುಚ್ಚಿದೆ. ಇನ್ನು ಮಾರ್ಕ್ಸಿಲ್ಲ ಎಂದೆ. ಇಂಥ ಮಕ್ಕಳು ನನ್ನ ಕ್ಲಾಸಿನವು ಅಂತ ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಬೇಕೆನಿಸಿತು. ಇಬ್ಬರಿಗೆ ಹೇಳಿಯೂ ಬಂದೆ.

೧೮ ಸೆಪ್ಟೆಂಬರ್, ರವಿವಾರ. ಮಧ್ಯಾಹ್ನ ೨

ಊಟ ಬಿಟ್ಟು ಬರೆಯಲು ಕೂತಿದ್ದೇನೆ. ಸಿಟ್ಟೋ ಏನೋ.

ಒಂದು ತಿಂಗಳಿಂದ ನಾನು ಹೋಗುವುದರೊಳಗೆ ಹಾಲ್ ಗುಡಿಸಿರುತ್ತದೆ, ಚಾಪೆ ಹಾಸಿರುತ್ತದೆ, ಕುರ್ಚಿಯ ಧೂಳು ಒರೆಸಿ ಪಕ್ಕದಲ್ಲಿ ತಂಬಿಗೆ ನೀರು. ಸ್ವೀಪರ್ ಯಾದಮ್ಮನ ಕೆಲಸ ಎಂದುಕೊಂಡಿದ್ದೆ. ಇವತ್ತು ಅವಳಿಗೆ ಶಹಭಾಸ್ ಅಂದರೆ, “ನೇನು ಕಾದು ಸಾರೂ, ಆ ಪಾಪ” — ನಾನಲ್ಲ, ಆ ಹುಡುಗಿ — ಎಂದು ಬೆರಳು ತೋರಿಸಿದಳು. ಮಂದಾಕಿನಿ.

ಕ್ಲಾಸಿನಲ್ಲಿ ಎಬ್ಬಿಸಿ ಕೇಳಿದೆ. ಯಾಕೆ ಹೇಳಲಿಲ್ಲ?

“ಅದು ನನ್ನ ಹೋಂವರ್ಕ್ ರಿ.”

“ಹೋಂವರ್ಕ್ ಆಗದವರಿಗೆ ಮಾಡೂದಲ್ಲೇನು?”

ತಲೆ ತಗ್ಗಿಸಲಿಲ್ಲ ಹುಡುಗಿ. “ನನಗ ಆಗದವರು ನೀವ ಸರ್. ಎಲ್ಲಾರ್ನೂ ಹಂಗ ಸೇರಿಸ್ಕೊಂಡ್ರಿ, ನನಗೊಬ್ಬಾಕಿಗೆ ಪರೀಕ್ಷಾ ಇಟ್ರಿ. ಅಜ್ಜನ ಎದುರಿಗೆ ಬಂದ್ರ ರೋಡ್ ದಾಟಿ ಆಚಿ ಕಡಿ ಹೋಗ್ತೀರಿ. ನನಗ ಭಾಳ ಕೆಟ್ಟ ಅನಸ್ತದ್ರಿ. ಅದಕ್ಕ ನಿಮ್ಮನ್ನ ಆರಿಸ್ಕೊಂಡೆ.”

ಅಮರೇಶನ ಕೈಯಿಂದ ಚೆಂಡು ಜಾರಿ ಉರುಳಿತು, ಯಾರೂ ಹಿಡಿಯಲಿಲ್ಲ.

ಆಮೇಲೆ ಅವಳು ಕೇಳಿದಳು. ಅಧಿಕಪ್ರಸಂಗವಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. “ನೀವು ಯಾರನ್ನ ಆರಿಸೀರಿ ಸರ್?”

ಕ್ಲಾಸು ಮುಗೀತು ಅಂದೆ. ಇನ್ನೂ ಇಪ್ಪತ್ತು ನಿಮಿಷ ಇತ್ತು.

೨ ಅಕ್ಟೋಬರ್, ರವಿವಾರ

ಎರಡು ವಾರ ಈ ಪುಸ್ತಕ ಮುಟ್ಟಿಲ್ಲ. ಹೋದ ರವಿವಾರ ಜ್ವರ ಅಂತ ಹೇಳಿ ಕಳಿಸಿದೆ. ಜ್ವರ ಇರಲಿಲ್ಲ. ಗೋದಾವರಿ ಹಣೆ ಮುಟ್ಟಿ ನೋಡಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನೋಟಿಸ್ ಬೋರ್ಡಿನಲ್ಲಿ ಸರ್ಕ್ಯುಲರ್. ಈ ತಿಂಗಳು ೩೧ಕ್ಕೆ ಸೂಗಪ್ಪ ರಿಟೈರ್. ಮರುದಿನವೇ ಮಾನವಿಗೆ ಹೊರಟು ನಿಂತಿದ್ದಾನಂತೆ. ಹೆಂಡತಿ ಅಂಬವ್ವ, ಮೊಮ್ಮಗಳು ಎಲ್ಲ. ಅಂದರೆ ಇದೊಂದೇ ದಸರೆ ಉಳಿದದ್ದು.

ಟೀವಿಯಲ್ಲಿ ಇವತ್ತಿನಿಂದ ಹೊಸ ಧಾರಾವಾಹಿ. ಅದು ಮುಗಿದ ಮೇಲೆ, ಹನ್ನೊಂದಕ್ಕೆ ಕ್ಲಾಸು ಇಟ್ಟೆ. ಹನ್ನೊಂದೂ ಮಕ್ಕಳು ಬಂದವು. ಅವೇ ಪ್ರಶ್ನೆ ಕೇಳಿದವು, ಈ ಸಲ ಎಲ್ಲ ಸೇರಿ. ಯಾರನ್ನ ಆರಿಸೀರಿ? ಸೂಗಪ್ಪನನ್ನ ಅಂದೆ. ಮಂದಾಕಿನಿ ತಂಬಿಗೆ ಮುಂದೆ ತಳ್ಳಿದಳು.

“ಏನ್ ಒಳ್ಳೇದು ಮಾಡ್ತೀರಿ ಸರ್?” — ಜಯತೀರ್ಥ.

“ದಸರಾ ದಿನ ಅವರ ಮನಿಗೆ ಹೋಗಿ ಬನ್ನಿ ಕೊಡ್ತೀನಿ. ನಾನ ಮೊದಲು.”

ಚಪ್ಪಾಳೆ ಹೊಡೆದವು. ನಾನು ದೊಡ್ಡ ಮನುಷ್ಯ ಅಂತ ತಿಳಿದಿವೆ.

೯ ಅಕ್ಟೋಬರ್, ರವಿವಾರ. ಬೆಳಿಗ್ಗೆ ೬

ಬರೆದುಬಿಡುತ್ತೇನೆ. ಇವಳಿಗೂ ಹೇಳಿಲ್ಲ, ಇದರಲ್ಲೂ ಈವರೆಗೆ ಬರೆದಿಲ್ಲ.

೧೯೭೭ರ ಆ ಗೇಜಿಗೆ ಎರಡು ತುದಿ. ಒಂದು ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಸೂಗಪ್ಪನ ನಲವತ್ತು ಬುಷ್‌ಗಳಲ್ಲಿ ಹೋಗಬಾರದ ತುದಿ ಹೋಯಿತು. ಅಂದರೆ ತೂತು ದೊಡ್ಡದಾಗಿದೆ. ರಿಜೆಕ್ಟ್. ಸ್ಕ್ರ್ಯಾಪಿಗೆ ಹೋದವು.

ಹದಿನಾರು ದಿನದ ಮೇಲೆ ಟೂಲ್ ರೂಮಿನಿಂದ ಚೀಟಿ ಬಂತು. ಹೋಗಬಾರದ ತುದಿ ಸವೆದು ಸಣ್ಣದಾಗಿದೆ, ಬದಲಾಯಿಸಿ. ತೂತುಗಳು ಸರಿಯಾಗಿದ್ದವು. ಸೂಗಪ್ಪನ ಕೈ ಸರಿಯಾಗಿತ್ತು. ನನ್ನ ಗೇಜ್ ಸುಳ್ಳು ಹೇಳಿತ್ತು. ಚೀಟಿ ನನ್ನ ಕೈಗೇ ಬಂದದ್ದು. ಮುಟ್ಟಿತು ಅಂತ ಸಹಿ ಮಾಡಿ ಫೈಲಿನ ತಳಕ್ಕೆ ಹಾಕಿದೆ. ಮಲ್ಲಿಕಾರ್ಜುನ ಒಮ್ಮೆ ರಿಜೆಕ್ಟ್ ಅಂದರೆ ಬ್ರಹ್ಮ ಬಂದರೂ ಪಾಸಿಲ್ಲ ಅಂತ ಹೆಸರಿತ್ತು. ಆ ಹೆಸರು ಉಳಿಯಬೇಕಿತ್ತು ನನಗೆ.

ಹತ್ತೊಂಬತ್ತು ದಿನದ ಸೀನಿಯಾರಿಟಿ ಎಲ್ಲ ನೆವ. ಅವನ ಮುಖ ನೋಡುವ ಧೈರ್ಯ ಇರಲಿಲ್ಲ. ಮಕ್ಕಳಿಗೆ ಹೇಳುತ್ತೇನೆ, ದೇವರ ಹತ್ತಿರ ಗೇಜಿಲ್ಲ ಅಂತ! ಎಂಥ ಭಂಡ ನಾನು.

ಈಗ ಹೇಳಿದರೆ ಎನ್‌ಕ್ವೈರಿ ಆದೀತು. ರಿಟೈರ್‌ಮೆಂಟಿಗೆ ಎಂಟೇ ತಿಂಗಳು. ಹೇಳದೆ ಬನ್ನಿ ಕೊಟ್ಟು ಬಂದರೆ ಯಾರಿಗೆ ಗೊತ್ತಾಗುತ್ತದೆ?

೧೯ ಅಕ್ಟೋಬರ್, ಬುಧವಾರ

ಸನತ್‌ನಗರ ಮಾರ್ಕೆಟ್ಟಿನಿಂದ ಬನ್ನಿ ತಂದೆ. ಮುದುಕಿ “ಜಮ್ಮಿ ಆಕು, ಬಂಗಾರಂ, ಬಂಗಾರಂ” ಅಂತ ಕೂಗುತ್ತಿದ್ದಳು. ಗೋದಾವರಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಬಿಳಿ ಅಂಗಿಗೆ ತಾನೇ ಇಸ್ತ್ರಿ ಮಾಡಿದಳು. ಅವಳಿಗೆ ಚೀಟಿಯ ವಿಷಯ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕೆ ಇಟ್ಟಳು.

“ಅದನ್ನ ಹೇಳದ ಬನ್ನಿ ಕೊಡಬ್ಯಾಡ್ರಿ,” ಅಂದಳು. ಅಷ್ಟೇ.

೨೦ ಅಕ್ಟೋಬರ್, ಗುರುವಾರ. ವಿಜಯದಶಮಿ

ಹೋಗಿ ಬಂದೆ.

ಸೂಗಪ್ಪ ಪಡಸಾಲೆಯಲ್ಲಿ ಕೂತಿದ್ದ. ಹೊಸ ಅಂಗಿ, ಹಣೆತುಂಬ ವಿಭೂತಿ. ಗೇಟಿನಲ್ಲಿ ನನ್ನನ್ನು ಕಂಡು ಎದ್ದು ನಿಂತ. ಕಾಲು ಮುಟ್ಟಿದೆ. “ಬನ್ನಿ ತಗೊಂಡು...” ಅಂದೆ. ಅವನ ಕಣ್ಣಲ್ಲಿ ನೀರು ಬಂದಿತ್ತು. ಕೈ ಮುಂದೆ ಚಾಚಿದ. ಹನ್ನೊಂದು ವರ್ಷದ ಮೇಲೆ ಆ ಕೈ. ಎಲೆ ಇಟ್ಟರೆ ಮುಗಿದಿತ್ತು. ಅಪ್ಪಿಕೊಳ್ಳುತ್ತಿದ್ದ, ಒಳಗೆ ಅಂಬವ್ವ ವೈನಿ ಚಹಾಕ್ಕೆ ಇಡುತ್ತಿದ್ದರು.

“ತಡಿ ಸೂಗ್ಯಾ, ಮೊದಲು ಒಂದ್ ಮಾತೈತಿ,” ಅಂದೆ. ಎಲ್ಲ ಹೇಳಿದೆ. ಗೇಜ್, ಚೀಟಿ, ಫೈಲು.

ಕೈ ಹಿಂದಕ್ಕೆ ಹೋಯಿತು.

“ಹನ್ನೊಂದು ವರ್ಷ ನನ್ನ ಕೈಯಾಗ ಏನೋ ತಪ್ಪೈತಿ ಅಂತ ತಿಳ್ಕೊಂಡಿದ್ದೆ,” ಅಂದ. “ಕಣ್ಣು ತೋರಿಸ್ಕೊಂಡು ಬಂದೆ. ಬ್ಯಾಡಾಗಿದ್ರೂ ಚಷ್ಮಾ ಹಾಕ್ಕೊಂಡೆ. ಒಂದು ತುಂಡು ನಾಕ್ ನಾಕ್ ಸಲ ಅಳದೆ. ನನ್ನ ಕೈಮ್ಯಾಲ ನನಗ ನಂಬಿಕಿ ಹೋತು. ನಿನಗ ಗೊತ್ತಿತ್ತು!”

ಬನ್ನಿ ಹಿಡಿದ ಕೈ ಕೆಳಗಿಳಿಸಿದೆ.

“ಮಷೀನ್ ಶಾಪಿನಾಗ ಎಲ್ಲಾರ ಮುಂದ ರಿಜೆಕ್ಟ್ ಅಂದಿ. ಈಗ ನನ್ನ ಮನಿಗೆ ಬಂದು ಕಿವ್ಯಾಗ ಹೇಳ್ತಿ. ಹೋಗು.”

ಒಳಗೆ ಹೋದ. ಅಂಬವ್ವ ವೈನಿ ಬಾಗಿಲಲ್ಲಿ ನಿಂತೇ ಇದ್ದರು. ಅವರ ಹಿಂದೆ ಮಂದಾಕಿನಿ. ಎಲ್ಲ ಕೇಳಿಸಿಕೊಂಡಿದ್ದಾಳೆ. ಬನ್ನಿಯನ್ನು ಕಟ್ಟೆಯ ಮೇಲೆ ಇಟ್ಟು ಬಂದೆ.

೨೧ ಅಕ್ಟೋಬರ್

ಹೋದೆ. ಬಾಗಿಲು ತೆಗೆಯಲಿಲ್ಲ.

೨೨ ಅಕ್ಟೋಬರ್

ಹೋದೆ. ವೈನಿ ಚಹಾ ಕೊಟ್ಟರು. ಅವನು ಬಚ್ಚಲಲ್ಲಿದ್ದ. ಒಂದು ತಾಸು ಬಚ್ಚಲಲ್ಲಿ ಏನು ಮಾಡುತ್ತಾನೋ ಮಹಾರಾಯ. ಚಹಾ ಕುಡಿದು ಬಂದೆ. ನಿಜ ಹೇಳಬೇಕೆಂದರೆ ಸಿಟ್ಟು ಬಂತು. ಮೂರು ಸಲ ಹೋದೆನಲ್ಲ, ಇನ್ನೇನು ಬೇಕು ಇವನಿಗೆ? ಆಮೇಲೆ ಅಮರೇಶನಿಗೆ ನಾನೇ ಹೇಳಿದ್ದು ನೆನಪಾಯಿತು. ಮೂರು ಮಾರ್ಕ್ಸು, ಮಲ್ಲಿಕಾರ್ಜುನ.

೨೩ ಅಕ್ಟೋಬರ್, ರವಿವಾರ

ಮಂದಾಕಿನಿ ಬರುವುದಿಲ್ಲ ಎಂದುಕೊಂಡೇ ಹೋದೆ. ಹಾಲ್ ಗುಡಿಸಿತ್ತು. ಚಾಪೆ ಹಾಸಿತ್ತು. ತಂಬಿಗೆ ಇತ್ತು. ಅವಳು ತನ್ನ ಜಾಗದಲ್ಲಿ, ಗೋಡೆ ನೋಡುತ್ತಾ.

ಮಕ್ಕಳಿಗೆ ಎಲ್ಲ ಹೇಳಿದೆ. ಗೇಜಿನ ಕತೆ ಒಂದಿಷ್ಟೂ ಮುಚ್ಚಲಿಲ್ಲ.

“ಅಂದ್ರ ನೀವು ಸುಳ್ಳು ಹೇಳಿದಿರೇನ್ರಿ ಸರ್?” — ಜಯತೀರ್ಥ.

“ಹೂಂ.”

ಅಮರೇಶನಿಗೆ ಗಾಬರಿ. “ಈಗ ದೇವರು ನಿಮಗೇನ್ ಮಾಡ್ತಾನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಮಂದಾಕಿನಿ ಹೇಳಿದಳು. “ಏನ್ ಮಾಡ್ತಾನ? ಪ್ರೀತಿ ಮಾಡ್ತಾನ. ಸರ್ ಅವರ ಹೇಳ್ಯಾರಲ್ಲ, ಕೆಂಪು ಡಬ್ಬಿ ಇಲ್ಲಂತ. ಆದ್ರ ನಮ್ಮಜ್ಜ ದೇವರಲ್ಲ. ಅವಗ ಸಿಟ್ಟು ಬಂದದ.”

“ನಿನಗ?” ಅಂದೆ.

“ನನಗೂ ಬಂದದ್ರಿ. ಭಾಳ.”

“ಮತ್ತ ಚಾಪಿ ಯಾಕ ಹಾಸಿದಿ?”

“ಸಿಟ್ಟು ಬ್ಯಾರೆ, ಹೋಂವರ್ಕ್ ಬ್ಯಾರೆ.” ಮುಖ ಇನ್ನೂ ಬಿಗಿದೇ ಇತ್ತು.

ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡೆ. ಹನ್ನೊಂದು ಮಕ್ಕಳ ಮುಂದೆ. ಇಂಥ ಹುಡುಗಿಗೆ ನಾನು ಪಾಠ ಹೇಳಿದೆ ಅಂದರೆ ನನ್ನ ಜನ್ಮ ದೊಡ್ಡದು. ನಾನು ಬಾಯಲ್ಲಿ ಹೇಳಿದ್ದನ್ನು ಅವಳು ಕೈಯಲ್ಲಿ ಮಾಡಿ ತೋರಿಸಿದ್ದಾಳೆ. ಹೆಮ್ಮೆ ಅಂದರೆ ಇದು. ಅಳುವಷ್ಟು ಹೆಮ್ಮೆ.

ಬರುವಾಗ ದಾರಿಯಲ್ಲಿ ಗಟ್ಟಿ ಮಾಡಿಕೊಂಡೆ. ಮಷೀನ್ ಶಾಪಿನಲ್ಲೇ, ಎಲ್ಲರ ಮುಂದೆ ಹೇಳುತ್ತೇನೆ.

೨೭ ಅಕ್ಟೋಬರ್, ಗುರುವಾರ

ಸ್ಟೋರಿನ ಹಿಂದೆ ಹಳೇ ಫೈಲುಗಳ ರಾಶಿ. ಮೂರು ದಿನ ಊಟದ ಬಿಡುವಿನಲ್ಲಿ ಹುಡುಕಿದೆ. ಇವತ್ತು ಸಿಕ್ಕಿತು ಚೀಟಿ. ಅಂಚು ಹಳದಿಯಾಗಿದೆ, ನನ್ನ ಸಹಿ ಹಾಗೇ ಇದೆ. ಎಷ್ಟು ಚಂದದ ಸಹಿ.

ಸಂಜೆ ಹೋದೆ. ಸೂಗಪ್ಪ ಪೇಪರ್ ಅಡ್ಡ ಹಿಡಿದು ಕೂತಿದ್ದ. ಆದರೆ ಎದ್ದು ಒಳಗೆ ಹೋಗಲಿಲ್ಲ.

೩೦ ಅಕ್ಟೋಬರ್, ರವಿವಾರ

ಮಂದಾಕಿನಿಯ ಕೊನೆಯ ಕ್ಲಾಸು. ಇನ್ನು ಮುಂದೆ ಚಾಪೆ ಯಾರು ಹಾಸುತ್ತೀರಿ ಅಂತ ಅವಳೇ ಕೇಳಿದಳು. ನಾ, ನಾ, ಅಂತ ಹತ್ತೂ ಮಕ್ಕಳು ಜಗಳಕ್ಕೆ ಬಿದ್ದವು. ಪ್ರೀತಿಯ ಕ್ಲಾಸಿನಲ್ಲಿ ಗುದ್ದಾಟ! ಬಿಡಿಸುವಷ್ಟರಲ್ಲಿ ಸಾಕಾಯಿತು. ಬಿಡಿಸುತ್ತಾ ಒಳಗೊಳಗೇ ಖುಷಿ.

ವಾಚ್‌ಮನ್ ಹೇಗಿದ್ದಾನೆ ಎಂದು ಅಮರೇಶನನ್ನು ಕೇಳಿದೆ. “ಇನ್ನೂ ಬೈತಾನ್ರಿ. ಬಜ್ಜಿ ತಿಂದು ಬೈತಾನ.”

“ಮತ್ತ?”

“ಬೈಲಿ ಬಿಡ್ರಿ. ಅಂವಂಗ ಮಾತಾಡಾಕ ಬ್ಯಾರೆ ಯಾರೂ ಇಲ್ಲ.”

ಹನ್ನೊಂದು ವರ್ಷದವನು ಹೇಳುವ ಮಾತೇ ಇದು?

೩೧ ಅಕ್ಟೋಬರ್, ಸೋಮವಾರ. ಸಂಜೆ ೭

ನಾಲ್ಕು ಗಂಟೆಗೆ ಬೀಳ್ಕೊಡುಗೆ. ಶಾಪಿನಲ್ಲೇ, ಮಷೀನು ನಿಲ್ಲಿಸಿ. ಎಂಬತ್ತು ತೊಂಬತ್ತು ಜನ. ಸೂಗಪ್ಪನಿಗೆ ಹಾರ, ಶಾಲು, ಗೋಡೆ ಗಡಿಯಾರ. ಮ್ಯಾನೇಜರ್ ಮಾತಾಡಿದರು, ಯೂನಿಯನ್ನಿನವರು ಮಾತಾಡಿದರು. ನಾನು ಎದ್ದು ಎರಡು ನಿಮಿಷ ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮಿಬ್ಬರ ವಿಷಯ ಗೊತ್ತಿಲ್ಲದವರು ಯಾರು?

ಕನ್ನಡದಲ್ಲಿ ಶುರು ಮಾಡಿದೆ, ಮತ್ತೆ ತೆಲುಗಿನಲ್ಲಿ ಹೇಳಿದೆ, ಒಬ್ಬರಿಗೂ ತಪ್ಪಬಾರದು ಅಂತ. ೧೯೭೭ರ ಆ ನಲವತ್ತು ಬುಷ್ ಸರಿಯಾಗಿದ್ದವು. ಗೇಜ್ ಸವೆದಿತ್ತು. ಹದಿನಾರು ದಿನದಲ್ಲಿ ನನಗೆ ಗೊತ್ತಾಯಿತು. ಮುಚ್ಚಿಟ್ಟೆ. ಸೂಗಪ್ಪನ ಕೈಯಲ್ಲಿ ಅಂದೂ ತಪ್ಪಿರಲಿಲ್ಲ, ಇಂದಿಗೂ ಇಲ್ಲ. ಇದೋ ಚೀಟಿ. ಮ್ಯಾನೇಜರ್ ಕೈಗೆ ಕೊಟ್ಟೆ.

“ಏಮಿಟಂಡೀ ಇದಿ?” — ಏನ್ರಿ ಇದು — ಎಂದರು ಅವರು. ಮುಖ ಕೆಂಪು. ನಾಳೆ ಚೇಂಬರಿಗೆ ಬಾ ಎಂದಿದ್ದಾರೆ. ಮೆಮೋ ಬರುತ್ತದೆ. ಬರಲಿ.

ಸೂಗಪ್ಪ ನನ್ನ ಕಡೆ ನೋಡಲಿಲ್ಲ. ತನ್ನ ಎರಡೂ ಅಂಗೈ ತೊಡೆಯ ಮೇಲೆ ಇಟ್ಟುಕೊಂಡು ಅವನ್ನೇ ನೋಡುತ್ತಾ ಕೂತಿದ್ದ. ಜನ ಬಂದು ಕೈ ಕುಲುಕಿದರು. ನಾನು ಹಿಂದಿನ ಬಾಗಿಲಿನಿಂದ ಬಂದೆ. ಅವನು ಮಾತಾಡಿಸಲಿ ಅಂತ ಹೇಳಿದ್ದಲ್ಲ. ಮಾತಾಡಿಸದೇ ಹೋದರೂ ಸರಿಯೇ.

ಗೋದಾವರಿಗೆ ಹೇಳಿದೆ. ರೊಟ್ಟಿಗೆ ಎರಡು ಚಮಚ ತುಪ್ಪ ಜಾಸ್ತಿ ಹಾಕಿದಳು. ಆಮೇಲೆ ತಡೆಯಲಾರದೆ, “ನನ್ನ ಗಂಡ ಇವತ್ತ ಗಂಡಸಾದ ನೋಡ್ರಿ,” ಅಂತ ಪಕ್ಕದ ಮನೆಯವರಿಗೆ ಕಾಂಪೌಂಡ್ ಮೇಲಿಂದ ಹೇಳುವುದು ಕೇಳಿಸಿತು. ಇಪ್ಪತ್ತೆಂಟು ವರ್ಷದ ಸಂಸಾರಕ್ಕೆ ಇವತ್ತು ಸರ್ಟಿಫಿಕೇಟ್ ಸಿಕ್ಕಿತು. ನನ್ನ ಬಗ್ಗೆ ನನಗೂ ಇವತ್ತು ಒಂದಿಷ್ಟು ಹೆಮ್ಮೆ.

೧ ನವೆಂಬರ್, ಮಂಗಳವಾರ. ಬೆಳಿಗ್ಗೆ ೭-೧೦

ಹದಿನಾಲ್ಕನೇ ನಂಬರಿನ ಮುಂದೆ ಲಾರಿ ನಿಂತಿದೆ. ಕಿಟಕಿಯಿಂದ ಕಾಣುತ್ತದೆ. ಮಂಚ ಹೋಯಿತು, ಹಿತ್ತಾಳೆ ಹಂಡೆ ಹೋಯಿತು. ಮಂದಾಕಿನಿ ಕಟ್ಟೆ ಮೇಲೆ ಕೂತು ಏನೋ ತಿನ್ನುತ್ತಿದ್ದಾಳೆ. ಹೋಗಿ ಬರಲೇ ಅಂತ ಗೋದಾವರಿಯನ್ನು ಕೇಳಿದೆ. ಹೋಗ್ರಿ ಅಂದಳು. ಚಹಾ ಕುಡಿದು ಹೋಗೋಣ ಅಂತ ಕೂತಿದ್ದೇನೆ. ಈ ಚಹಾ ಯಾಕೋ ಮುಗಿಯುತ್ತಲೇ ಇಲ್ಲ.

ಕಬ್ಬಿಣದ ಅಲಮಾರಿ ಬಾಗಿಲಲ್ಲಿ ಸಿಕ್ಕಿಬಿದ್ದಿದೆ. ಹಮಾಲಿ ಒಬ್ಬನೇ. ಸೂಗಪ್ಪ ಈ ಕಡೆ ತಿರುಗಿ ನಿಂತ... ನಮ್ಮ ಮನೆ ಕಡೆ.

“ಲೇ ಮಲ್ಯಾ!”

ನನ್ನನ್ನೇ. ಮಲ್ಯಾ ಅಂತ ಕರೆಯುವವರು ಈ ಊರಲ್ಲಿ ಇನ್ಯಾರಿದ್ದಾರೆ? ಬೇಗಂ ಬಜಾರಿನ ಖೋಲಿಯಲ್ಲಿ ಕರೆದ ಹಾಗೆಯೇ, ಅದೇ ಜೋರು.

“ಮಲ್ಯಾ, ಕಿವಿ ಕೇಳಸೂದಿಲ್ಲೇನು? ಅಲಮಾರಿ ಎತ್ತಾಕ ಆಗವಲ್ದು. ಒಂದ್ ಕೈ ಹಚ್ಚು ಬಾ, ಕುಂತಾನ ಸಾಹೇಬ!”

ಬಂದೆನೋ ಸೂಗ್ಯಾ. ಚಪ್ಪಲಿ ಎಲ್ಲಿ... ಬಿಡು, ಬರಿಗಾಲಲ್ಲೇ —